‘ಹೌದು’ ಎನ್ನಲು ಯಂತ್ರ ಸಾಕು, ‘ಇಲ್ಲ’ ಎನ್ನಲು ಮನುಷ್ಯ ಬೇಕು



ಹಾನಗಲ್ಲಿನಲ್ಲೋ ಹಿರೇಕೆರೂರಿನಲ್ಲೋ ಎದೆನೋವು ಬಂದವರನ್ನು ಕರೆದುಕೊಂಡು ಜನ ಓಡುವುದೆಲ್ಲಿಗೆ? ಹಾವೇರಿಗೆ, ಅಲ್ಲಾಗದಿದ್ದರೆ ಹುಬ್ಬಳ್ಳಿಗೆ, ದಾವಣಗೆರೆಗೆ. ಶಿಗ್ಗಾಂವಿ, ಸವಣೂರಿನವರದೂ ಹುಬ್ಬಳ್ಳಿಯ ಹಾದಿಯೇ. ಹಾದಿ ಎಷ್ಟು ತಾಸಿನದೆಂದು ಹೇಳಬಹುದು. ಆಸ್ಪತ್ರೆ ಮುಟ್ಟಿದ ಮೇಲೆ ವಿಮೆಯ ಒಪ್ಪಿಗೆಗೆ ಕಾಯುವುದು ಎಷ್ಟು ತಾಸು? ಅದನ್ನು ಹೇಳುವವರಿಲ್ಲ!

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹುಡುಗನ ತಂದೆಗೆ ಹೀಗೇ ಆಯಿತು. ಕಂತು ತಪ್ಪದೆ ಕಟ್ಟಿದ ಖಾಸಗಿ ವಿಮೆ ಇತ್ತು. ಬೆಳಿಗ್ಗೆ ಕಳಿಸಿದ ಅರ್ಜಿಗೆ ರಾತ್ರಿ ಉತ್ತರ ಬಂತು. ಮೊಬೈಲಿನಲ್ಲಿ ನಾಲ್ಕು ಸಾಲು, ಅದೂ ಇಂಗ್ಲಿಷಿನಲ್ಲಿ. ಓದಿ ಹೇಳುವವರನ್ನು ವರಾಂಡದಲ್ಲಿ ಹುಡುಕಬೇಕಾಯಿತು. ಹಳೆಯ ರಿಪೋರ್ಟ್ ಒಂದು ಬೇಕಂತೆ! ಇಷ್ಟು ಕೇಳಲು ಇಡೀ ಹಗಲು ಬೇಕಿತ್ತೇ? ನಾನೇ ಕೈಗಡ ಹೊಂದಿಸಿ ಕೌಂಟರಿಗೆ ಕಟ್ಟಿದೆ.

ಕಾನೂನು ಸುಮ್ಮನಿಲ್ಲ. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆ ಓದಿ. ನಗದುರಹಿತ ಚಿಕಿತ್ಸೆಯ ಅರ್ಜಿಗೆ 1 ಗಂಟೆಯೊಳಗೆ ತೀರ್ಮಾನ. ಬಿಡುಗಡೆಯ ದಿನದ ಅಂತಿಮ ಒಪ್ಪಿಗೆಗೆ 3 ಗಂಟೆ. ಅದಕ್ಕಿಂತ ತಡವಾಗಿ ಬಿಲ್ಲು ಏರಿದರೆ ಏರಿದ ಹಣ ಕಂಪನಿಯ ತಲೆಗೆ. ಪರಿಶೀಲನಾ ಸಮಿತಿ ಒಪ್ಪದೆ ಕ್ಲೇಮ್ ತಳ್ಳಿಹಾಕುವಂತಿಲ್ಲ. 2024ರ ಜನವರಿಯಿಂದ ಪಾಲಿಸಿಯ ಮಾಹಿತಿ ಪತ್ರವನ್ನು ಗ್ರಾಹಕ ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಲೇಬೇಕು. ನಿಮ್ಮಲ್ಲಿ ಎಷ್ಟು ಜನ ಕನ್ನಡದಲ್ಲಿ ಕೇಳಿದ್ದೀರಿ?

ತಡವಾಗುವುದೆಲ್ಲಿ? ಆಸ್ಪತ್ರೆಯ ಗುಮಾಸ್ತ ಕಾಗದ ಸ್ಕ್ಯಾನ್ ಮಾಡಿ ಕಳಿಸುತ್ತಾನೆ. ಆ ಕಡೆ ಇನ್ನೊಬ್ಬ ಓದಿ ಒಂದು ಕಾಗದ ಕೇಳುತ್ತಾನೆ, ಅದು ಹೋದ ಮೇಲೆ ಮತ್ತೊಂದು. ಪಾಲಿಸಿ ಚಾಲ್ತಿಯಲ್ಲಿದೆಯೇ, ಎಷ್ಟು ಹಣ ಉಳಿದಿದೆ, ಯಾವ ಕಾಗದ ಕಡಿಮೆ ಇದೆ ಎಂಬುದನ್ನು ಕಂಪ್ಯೂಟರ್ ಕ್ಷಣದಲ್ಲಿ ಹೇಳಬಲ್ಲದು. ಎಲ್ಲ ಕಂಪನಿ, ಎಲ್ಲ ಆಸ್ಪತ್ರೆಗೂ ಒಂದೇ ನಮೂನೆ ಇರಲೆಂದೇ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಕ್ಲೇಮುಗಳ ವಿನಿಮಯ ಜಾಲ ಕಟ್ಟಿದೆ. ಅದಕ್ಕೆ ಎಲ್ಲರೂ ಸೇರಲಿ.

ಆದರೆ ಒಂದು ಮಾತು. ಅಚ್ಚುಮೊಳೆ ಜೋಡಿಸುವ ಎರಡು ದಿನದ ಕೆಲಸವನ್ನು ನಮ್ಮ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಒಂದು ತಾಸಿಗೆ ಇಳಿಸಿತು. ಪ್ರೂಫ್ ಮಾತ್ರ ಇಂದಿಗೂ ಮನುಷ್ಯನೇ ನೋಡಬೇಕು. ಹಾಗೇ ಇದೂ. ಯಂತ್ರ ‘ಹೌದು’ ಎನ್ನಲಿ. ‘ಇಲ್ಲ’ ಎನ್ನುವುದಾದರೆ ವೈದ್ಯನೊಬ್ಬ ಕಡತ ಓದಿ, ಕಾರಣವನ್ನು ಕನ್ನಡದಲ್ಲಿ ಬರೆದು ಸಹಿ ಹಾಕಲಿ. ಇದು ಹುಚ್ಚು ಬೇಡಿಕೆಯಲ್ಲ. ಚಿಕಿತ್ಸೆ ಅಗತ್ಯವಿಲ್ಲವೆಂದು ಯಂತ್ರವೊಂದೇ ತೀರ್ಮಾನಿಸಕೂಡದು ಎಂಬ ಕಾನೂನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿದೆ.

ಬೆಂಗಳೂರಿನಲ್ಲಿ ಇಂಥ ಸಾಫ್ಟ್‌ವೇರ್ ಬರೆಯುವವರಲ್ಲಿ ನಮ್ಮ ಹುಡುಗ ಹುಡುಗಿಯರೂ ಇದ್ದೀರಿ. ಉತ್ತರ ಕನ್ನಡದಲ್ಲಿ ಹೋಗುವಂತೆ ಮಾಡುವುದು ನಿಮಗೆ ದೊಡ್ಡ ಕೆಲಸವೇ?

ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅವ್ವನ ಪಾಲಿಸಿ ತೆಗೆದು ಓದಿ. ಬಿಪಿಎಲ್ ಕಾರ್ಡಿದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು ಮಾಡಿಸಿ. ಕಂಪನಿ ಸತಾಯಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಸರಿಹೋಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಡ. ಬರೆಯುವುದು ಕನ್ನಡದಲ್ಲೇ ಇರಲಿ.

ಕಂತು ತೆಗೆದುಕೊಳ್ಳುವಾಗ ಏಜೆಂಟ್ ಕನ್ನಡದಲ್ಲೇ ಮಾತಾಡಿದನಲ್ಲವೇ? ಕೊಡುವಾಗಲೂ ಕನ್ನಡದಲ್ಲೇ ಮಾತಾಡಲಿ!