ಸನ್ಮಾನದ ಸಾರ್ಥಕತೆ

‘ಬೆಳೆಯುವ ಪೈರು ಮೊಳಕೆಯಲ್ಲಿ’ ಎಂಬುದು ಅನುಭವದ ಮಾತು. ಆದರೆ ಮೊಳಕೆಯನ್ನು ಕಂಡು ಸಂತೋಷಪಟ್ಟ ಮಾತ್ರಕ್ಕೆ ರೈತನ ಕೆಲಸ ಮುಗಿಯುವುದಿಲ್ಲ. ನೀರು ಹಾಯಿಸಬೇಕು, ಕಳೆ ಕೀಳಬೇಕು, ತೆನೆ ಬಲಿಯುವವರೆಗೂ ಕಾಯಬೇಕು. ವಿದ್ಯಾರ್ಥಿವೇತನ ಗಳಿಸಿದ ಮಕ್ಕಳಿಗೆ ಊರು ಮಾಡುವ ಸನ್ಮಾನಕ್ಕೂ ಈ ಮಾತು ಸಲ್ಲುತ್ತದೆ.

ಕಪಿಲಾ ನದಿಯ ದಡದ ಸರಗೂರು ಹಿಂದೆ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿತ್ತು. ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ಇದರ ಸುತ್ತ ಬೇಸಾಯವನ್ನೇ ನಂಬಿದ ಹಳ್ಳಿಗಳಿವೆ. ಕಾಡಂಚಿನಲ್ಲಿ ಜೇನುಕುರುಬರೇ ಮೊದಲಾದವರ ಹಾಡಿಗಳಿವೆ. ಇಂತಹ ಕಡೆಗಳಲ್ಲಿ ಎಂಟನೆಯ ತರಗತಿಯ ನಂತರ ಓದನ್ನು ಮುಂದುವರಿಸುವುದು ಬಡ ಮನೆಯ ಮಗುವಿಗೆ ಸುಲಭವಲ್ಲ. ಆ ಘಟ್ಟದಲ್ಲಿ ಮಕ್ಕಳು ಶಾಲೆ ಬಿಡಬಾರದೆಂದೇ ಕೇಂದ್ರ ಸರ್ಕಾರವು 2008ರಲ್ಲಿ ಎನ್‌.ಎಂ.ಎಂ.ಎಸ್‌. ಎಂಬ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಪೋಷಕರ ವಾರ್ಷಿಕ ಆದಾಯ 3,50,000 ರೂಪಾಯಿಗಳನ್ನು ಮೀರದ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಎಂಟನೆಯ ತರಗತಿಯಲ್ಲಿ ಇದರ ಪರೀಕ್ಷೆಯನ್ನು ಬರೆಯುತ್ತಾರೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ.

ಹೀಗೆ ಆಯ್ಕೆಯಾದವರನ್ನು ಸಭೆಗೆ ಕರೆದು ಹಾರ ಹಾಕುವುದರಿಂದ ಅವರಲ್ಲಿ ಅಹಂಕಾರ ಬೆಳೆಯುತ್ತದೆ, ಉಳಿದವರ ಮನಸ್ಸು ನೋಯುತ್ತದೆ ಎಂದು ಕೆಲವರು ಆಕ್ಷೇಪಿಸುವುದುಂಟು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೂ ಸನ್ಮಾನವನ್ನು ಕೈಬಿಡುವುದು ಅದಕ್ಕೆ ಪರಿಹಾರವಲ್ಲ. ಸಿರಿವಂತಿಕೆಗೂ ಅಧಿಕಾರಕ್ಕೂ ದೊರೆಯುವ ಗೌರವ ಬಡವನ ಮಗಳ ಪರಿಶ್ರಮಕ್ಕೂ ದೊರೆಯುವುದು ನ್ಯಾಯವೇ ಆಗಿದೆ. ಆ ವೇತನ ಭಿಕ್ಷೆಯಲ್ಲ, ಆಕೆಯ ಗಳಿಕೆ ಎಂಬುದನ್ನು ಊರು ಅರಿಯಬೇಕು.

ನಿಜವಾದ ಕೊರತೆ ಇರುವುದು ಬೇರೆಡೆ. ಸನ್ಮಾನ ಒಂದು ದಿನದ್ದು. ವೇತನ ನಾಲ್ಕು ವರ್ಷಗಳದ್ದು. ಅದಕ್ಕಾಗಿ ಪ್ರತಿವರ್ಷವೂ ಅರ್ಜಿಯನ್ನು ನವೀಕರಿಸಬೇಕು. ಹತ್ತನೆಯ ತರಗತಿಯಲ್ಲಿ ಸಾಮಾನ್ಯವಾಗಿ ಶೇಕಡ 60 ಅಂಕಗಳನ್ನು ಗಳಿಸಬೇಕು. ಬ್ಯಾಂಕಿನ ಖಾತೆ, ಆದಾಯದ ಪ್ರಮಾಣಪತ್ರ ಮುಂತಾದವುಗಳಲ್ಲಿ ಒಂದು ತಪ್ಪಿದರೂ ತೊಡಕುಂಟಾಗುತ್ತದೆ. ಓದು ಬಾರದ ತಂದೆತಾಯಿಗಳು ಈ ತೊಡಕನ್ನು ಬಿಡಿಸಬಲ್ಲರೆ? ಹಾರ ಹಾಕಿದ ಕೈಗಳೇ ಆಗ ನೆರವಿಗೆ ಬರಬೇಕು.

ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ, 1881ರಲ್ಲಿ ಬಿ.ಎ. ಪದವಿಯನ್ನು ಪಡೆದ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾದರು. ಮುಂದೆ ಕನ್ನಂಬಾಡಿ ಕಟ್ಟೆಯ ನಿರ್ಮಾಣದಲ್ಲಿ ದುಡಿದು, 1912ರಿಂದ 1918ರವರೆಗೆ ದಿವಾನರಾಗಿ, ಪಡೆದುದಕ್ಕೆ ನೂರ್ಮಡಿಯಾಗಿ ನಾಡಿಗೆ ಹಿಂದಿರುಗಿಸಿದರು. ಓದು ಕೊನೆಮುಟ್ಟುವವರೆಗೆ ದೊರೆತ ಆಸರೆಯ ಫಲವಿದು.

ಆದ್ದರಿಂದ ಸನ್ಮಾನದ ಸಭೆ ಕೇವಲ ಹೊಗಳಿಕೆಯ ಸಭೆಯಾಗಬಾರದು. ಪರೀಕ್ಷೆ ಯಾವಾಗ, ಅರ್ಜಿ ಹೇಗೆ, ಸಿದ್ಧತೆ ಎಂತು ಎಂಬುದನ್ನು ಗೆದ್ದ ಮಕ್ಕಳೇ ಕಿರಿಯರಿಗೆ ತಿಳಿಸಿಕೊಡಲಿ. ಹಾಡಿಯಿಂದ ಬಂದ ಬಾಲಕನೂ ಅದನ್ನು ಕೇಳಿಸಿಕೊಳ್ಳಲಿ. ನಾಲ್ಕು ವರ್ಷಗಳ ಬಳಿಕ, ಓದನ್ನು ನಡುವೆ ಬಿಡದೆ ಮುಗಿಸಿದವರನ್ನು ಊರು ಇನ್ನೊಮ್ಮೆ ಕರೆದು ಗೌರವಿಸಲಿ. ಅಂದಿಗೆ ಆ ಸನ್ಮಾನ ಸಾರ್ಥಕವಾಗುತ್ತದೆ.