ಬೇಣಕ್ಕೂ ಸ್ವಲ್ಪ ವಿಶ್ರಾಂತಿ ಕೊಡೋಣ

ಮಳೆಗಾಲದಲ್ಲಿ ಕುಂಬಾರವಾಡದಿಂದ ಅಣಶಿ ಕಡೆಗೆ ಹೊರಟರೆ ಎತ್ತ ನೋಡಿದರೂ ಹಸಿರೇ. ಆದರೆ ದನ ಸಾಕಿದವರ ಅಂಗಳದಲ್ಲಿ ಕೂತರೆ ಕೇಳುವ ಮಾತು ಬೇರೆ: 'ಮೇವಿಲ್ಲ, ಕೊಟ್ಟುಬಿಡೋಣ ಅಂತಿದ್ದೇವೆ.' ಇಷ್ಟು ಹಸಿರಿದ್ದೂ ಮೇವಿಲ್ಲ ಅಂದರೆ ಹೇಗೆ? ಒಂದು ದಿನ ದನದ ಹಿಂದೆ ನಡೆದು ನೋಡಿದರೆ ಉತ್ತರ ಸಿಗುತ್ತದೆ.

ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದು ತಿನ್ನುತ್ತದೆ. ಹತ್ತು ಬಗೆಯ ಹುಲ್ಲು ಬೆರೆತಿರುವ ಬೇಣಕ್ಕೆ ಬಿಟ್ಟರೆ ಮೊದಲು ಮೆತ್ತಗಿನ ಎಲೆಯನ್ನೇ ಹುಡುಕುತ್ತದೆ. ಒರಟು ಕಡ್ಡಿಯನ್ನು, ಸಗಣಿ ಬಿದ್ದ ಜಾಗದ ಹುಲ್ಲನ್ನು ಬಿಟ್ಟು ಮುಂದೆ ಹೋಗುತ್ತದೆ. ಎಮ್ಮೆ ಒರಟು ಹುಲ್ಲನ್ನು ಇನ್ನೂ ಸ್ವಲ್ಪ ಸಹಿಸುತ್ತದೆ, ಆಕಳು ಅಷ್ಟಿಲ್ಲ.

ತೊಂದರೆ ಶುರುವಾಗುವುದು ಇಲ್ಲಿ. ನಿನ್ನೆ ಮೇಯ್ದ ಬುಡದಲ್ಲಿ ನಾಲ್ಕು ದಿನಕ್ಕೆ ಎಳೆ ಚಿಗುರು ಬರುತ್ತದೆ. ದನ ಮತ್ತೆ ಅದಕ್ಕೇ ಬಾಯಿ ಹಾಕುತ್ತದೆ. ಪದೇ ಪದೇ ಹೀಗಾದರೆ ಬೇರಿನಲ್ಲಿ ಕೂಡಿಟ್ಟ ಶಕ್ತಿ ಮುಗಿದು ಒಳ್ಳೆಯ ಹುಲ್ಲು ಸಾಯುತ್ತದೆ. ಗರಿಕೆಯಂಥ ನೆಲಕ್ಕಂಟಿದ ಹುಲ್ಲು ಹೇಗೋ ಉಳಿಯುತ್ತದೆ. ದನ ಮುಟ್ಟದ ಒರಟು ಹುಲ್ಲು ಬೀಜ ಬಿಟ್ಟು ಹರಡುತ್ತದೆ. ಖಾಲಿಯಾದ ಜಾಗಕ್ಕೆ ಕಮ್ಯುನಿಸ್ಟ್ ಗಿಡ, ಲಂಟಾನ ಬಂದು ಕೂರುತ್ತವೆ. ದೂರದಿಂದ ಎಲ್ಲವೂ ಹಸಿರೇ, ದನಕ್ಕೆ ಮಾತ್ರ ಉಪವಾಸ.

ಪರಿಹಾರ ಕೇಳಿದರೆ ನೇಪಿಯರ್ ಹಚ್ಚಿ ಎನ್ನುತ್ತಾರೆ. ನೇಪಿಯರ್ ಒಳ್ಳೆಯ ಮೇವು, ಬೇಡ ಎನ್ನುವುದಿಲ್ಲ. ಆದರೆ ಅದು ಕೊಯ್ದು ಹಾಕುವ ಹುಲ್ಲು. ಬೇಸಿಗೆಯಲ್ಲೂ ಹಸಿರು ಬೇಕಾದರೆ ನೀರು ಬೇಕು, ಗೊಬ್ಬರ ಬೇಕು. ಮನೆ ಹತ್ತಿರ ನೀರಿದ್ದವರು ನಾಲ್ಕು ಸಾಲು ಹಚ್ಚಲಿ. ತೆಂಗಿನ ನೆರಳಿದ್ದರೆ ಗಿನಿ ಹುಲ್ಲು ಬರುತ್ತದೆ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರವೇ ಇದೆ, ಅಲ್ಲಿ ವಿಚಾರಿಸಬಹುದು. ಆದರೆ ಗುಡ್ಡದ ಮೇಲೆ ಅಡ್ಡಾಡಿ ಮೇಯುವ ಮಲೆನಾಡು ಗಿಡ್ಡಕ್ಕೆ, ಗೌಳಿಗರ ಎಮ್ಮೆಗಳಿಗೆ ಬೇಣವೇ ಗತಿ.

ಬೇಣ ಉಳಿಸಲು ದುಡ್ಡಿಗಿಂತ ಶಿಸ್ತು ಬೇಕು. ಇರುವ ಜಾಗವನ್ನು ನಾಲ್ಕು ಭಾಗ ಮಾಡಿ, ಒಂದೊಂದರಲ್ಲೇ ಮೇಯಿಸಿ. ಹುಲ್ಲು ನಾಲ್ಕು ಬೆರಳಿಗೆ ಇಳಿದ ಕೂಡಲೇ ದನ ಮುಂದಿನ ಭಾಗಕ್ಕೆ ಹೋಗಲಿ. ಮಳೆಗಾಲದಲ್ಲಿ ಮೂರು-ನಾಲ್ಕು ವಾರ ಬಿಟ್ಟರೆ ಹುಲ್ಲು ಚೇತರಿಸಿಕೊಳ್ಳುತ್ತದೆ, ಮಳೆ ನಿಂತ ಮೇಲೆ ಇನ್ನೂ ಹೆಚ್ಚು ದಿನ ಬೇಕು. ವರ್ಷಕ್ಕೊಂದು ಭಾಗವನ್ನು ಬೀಜ ಬೀಳುವವರೆಗೆ ಮುಟ್ಟಬೇಡಿ. ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲೇ ಬುಡಸಮೇತ ಕೀಳಿ. ಕರಡವನ್ನು ಪೂರ್ತಿ ಒಣಗುವ ತನಕ ಕಾಯಬೇಡಿ. ತಡವಾದಷ್ಟೂ ಹೊರೆ ದೊಡ್ಡದಾಗುತ್ತದೆ, ಸತ್ವ ಕಡಿಮೆಯಾಗುತ್ತದೆ.

ಇದನ್ನು ಒಬ್ಬರೇ ಮಾಡಲಾಗದು ಎಂಬುದು ನಮಗೂ ಗೊತ್ತು. ನಾವು ಬಿಟ್ಟ ಜಾಗಕ್ಕೆ ಪಕ್ಕದವರ ದನ ನುಗ್ಗಿದರೆ ಮುಗಿಯಿತು. ಆದ್ದರಿಂದ ಊರು ಕೂತು ಮಾತಾಡಬೇಕು. ಯಾವ ಭಾಗ ಯಾವಾಗ, ಕಾಯುವವರು ಯಾರು ಎಂಬುದು ಗ್ರಾಮಸಭೆಯಲ್ಲಿ ತೀರ್ಮಾನವಾಗಲಿ. ಆ ಮಾತಿಗೆ ಗೌಳಿವಾಡದವರನ್ನೂ ಕರೆಯಲೇಬೇಕು. ದಿನವಿಡೀ ದನದ ಹಿಂದೆ ನಡೆಯುವವರು ಅವರು. ಯಾವ ಹುಲ್ಲು ಎಲ್ಲಿ ಕಡಿಮೆಯಾಗಿದೆ ಎಂದು ಅವರಿಗೆ ಗೊತ್ತಿದ್ದಷ್ಟು ನಮಗೆ ಗೊತ್ತಿಲ್ಲ.

ಗೋಮಾಳದ ಲೆಕ್ಕವನ್ನೂ ಅಲ್ಲೇ ಕೇಳಬೇಕು. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಎಂಬ ಅಳತೆಯಿದೆ. ನಮ್ಮ ಊರಲ್ಲಿ ದನ ಎಷ್ಟು, ಗೋಮಾಳ ಎಷ್ಟು, ಅದರಲ್ಲಿ ಮೇಯಲು ಉಳಿದದ್ದು ಎಷ್ಟು? ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ದನವನ್ನು ಇನ್ನೂ ಒಳಗೆ ಹೊಡೆದುಕೊಂಡು ಹೋಗುವ ದಾರಿ ನಮಗಿಲ್ಲ. ಊರಿನ ಹುಲ್ಲು ಕೆಟ್ಟಷ್ಟೂ ದನ ಕಾಡಿಗೆ ಹೋಗುತ್ತದೆ, ಜಗಳ ಬೆಳೆಯುತ್ತದೆ.

ದನ ಹೋದರೆ ಹಾಲಷ್ಟೇ ಅಲ್ಲ, ಗದ್ದೆಗೆ ಗೊಬ್ಬರವೂ ಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಬೇಣದ ಒಂದು ಮೂಲೆಯನ್ನಾದರೂ ಒಟ್ಟಾಗಿ ಬಿಟ್ಟು ನೋಡೋಣ. ಯಾವ ಹುಲ್ಲು ಮರಳಿ ಬಂತು ಎಂದು ದನವೇ ತೋರಿಸುತ್ತದೆ.