ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳು?

ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಕೆಲಸ ಹುಡುಕುವವರು ಸಂದರ್ಶನದಲ್ಲಿ ಸಂಬಳ, ಹಾಸ್ಟೆಲ್, ರಜೆಯ ಬಗ್ಗೆ ವಿಚಾರಿಸುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ್ದು, ನೈಟ್ ಡ್ಯೂಟಿಯಲ್ಲಿ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕು ಎಂಬುದನ್ನು. ಸಂಬಳ ಕಡಿಮೆಯಾದರೆ ಕೈ ಬಿಗಿಯಾಗುತ್ತದೆ. ರೋಗಿಗಳು ಹೆಚ್ಚಾದರೆ ಜೀವಕ್ಕೇ ಸಂಚಕಾರ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ಬಗ್ಗೆ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿದೆ. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೂ 30 ದಿನಗಳೊಳಗೆ ಸಾವಿನ ಸಂಭವ ಶೇ 7ರಷ್ಟು, ನರ್ಸ್ ಕೆಲಸದಿಂದ ಬಳಲಿ ಬಸವಳಿಯುವ ಸಂಭವ ಶೇ 23ರಷ್ಟು ಏರುವುದು ಅಲ್ಲಿ ಕಂಡುಬಂತು. ಸಾಮಾನ್ಯ ವಾರ್ಡಿನಲ್ಲಿ ಐವರಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನದೇ ಮಾನದಂಡ. ಅದು ಕಾಗದದ ಮೇಲಷ್ಟೇ ಉಳಿಯದೆ ಕಾನೂನಾಗಬೇಕು.

ತಾಲ್ಲೂಕು ಕೇಂದ್ರದ ಸಣ್ಣ ನರ್ಸಿಂಗ್ ಹೋಮ್ ಅಷ್ಟು ಜನರನ್ನು ನೇಮಿಸಿಕೊಂಡರೆ ಬಾಗಿಲು ಹಾಕಬೇಕಾದೀತು, ಇಲ್ಲವೇ ಹೊರೆ ರೋಗಿಯ ಬಿಲ್ಲಿಗೆ ಬಿದ್ದೀತು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಎಲ್ಲರಿಗೂ ಒಂದೇ ಅಳತೆ ಬೇಕಿಲ್ಲ. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ರಚನೆಯಾದ ಸಮಿತಿ ಖಾಸಗಿ ನರ್ಸ್‌ಗಳ ಸಂಬಳವನ್ನು ಹಾಸಿಗೆಗಳ ಲೆಕ್ಕದಲ್ಲೇ ಶಿಫಾರಸು ಮಾಡಿತು: 200 ಮೀರಿದರೆ ಸರ್ಕಾರಿ ನರ್ಸ್‌ಗಳಷ್ಟು, 50ಕ್ಕಿಂತ ಕಡಿಮೆಯಿದ್ದರೆ ಕನಿಷ್ಠ 20,000 ರೂಪಾಯಿ. ನರ್ಸ್‌ಗಳ ಸಂಖ್ಯೆಗೂ ಇಂಥ ಹಂತಗಳನ್ನು ಮಾಡಬಹುದು. ಖರ್ಚಿನ ಮಾತಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಉತ್ತರ ಕೊಟ್ಟಿದೆ. ಅಲ್ಲಿ 2016ರಲ್ಲಿ ಆಯ್ದ ಸಾರ್ವಜನಿಕ ಆಸ್ಪತ್ರೆಗಳಿಗೆ ಹಗಲು ನಾಲ್ವರಿಗೆ ಒಬ್ಬ, ರಾತ್ರಿ ಏಳು ಮಂದಿಗೆ ಒಬ್ಬ ನರ್ಸ್ ಎಂಬ ನಿಯಮ ಬಂತು. ರೋಗಿಗಳು ಬೇಗ ಮನೆಗೆ ಹೋಗಿ, ಮತ್ತೆ ದಾಖಲಾಗುವುದು ತಗ್ಗಿದ್ದರಿಂದ ಆದ ಉಳಿತಾಯ ಹೆಚ್ಚುವರಿ ನೇಮಕದ ವೆಚ್ಚದ ಎರಡು ಪಟ್ಟಿಗೂ ಹೆಚ್ಚು ಎಂದು 2021ರ ಅಧ್ಯಯನವೊಂದು ಲೆಕ್ಕಹಾಕಿತು. ಇನ್ನು ನರ್ಸ್‌ಗಳೇ ಸಿಗುವುದಿಲ್ಲ ಎಂಬ ದೂರು. ಊರೂರಿಗೆ ನರ್ಸಿಂಗ್ ಕಾಲೇಜುಗಳಿರುವ, ಕೇರಳದಿಂದಲೂ ಈಶಾನ್ಯದಿಂದಲೂ ವಿದ್ಯಾರ್ಥಿಗಳು ಬರುವ ಕರ್ನಾಟಕದಲ್ಲಿ ಈ ದೂರಿಗೆ ಆಧಾರವಿಲ್ಲ. ಕಲಿತವರು ಗಲ್ಫ್‌ಗೂ ಜರ್ಮನಿಗೂ ಹೊರಡುವುದು ಇಲ್ಲಿನ ದುಡಿಮೆಯಲ್ಲಿ ಹೆಚ್ಚು ಕಾಲ ಉಳಿಯಲಾಗದ್ದರಿಂದ.

ಕಾನೂನು ಬರುವತನಕ ನರ್ಸ್‌ಗಳು ಮಾಡಬಹುದಾದದ್ದೂ ಇದೆ. ನೇಮಕ ಪತ್ರಕ್ಕೆ ಸಹಿ ಹಾಕುವ ಮೊದಲು, ಅದೇ ವಾರ್ಡಿನಲ್ಲಿ ದುಡಿಯುತ್ತಿರುವವರನ್ನು ರೋಗಿಗಳ ಸಂಖ್ಯೆ ಕೇಳಿ. ಹೊರೆ ಮಿತಿಮೀರಿದಾಗ ಕೆಲಸ ಬಿಡಲು ಅಡ್ಡಿಯಾಗದಂತೆ, ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಯಲ್ಲಿ ಒತ್ತೆ ಇಡಬೇಡಿ, ನಕಲು ಪ್ರತಿ ಸಾಕು. ಪಾಳಿ ಬದಲಾಗುವಾಗ ಎಷ್ಟು ರೋಗಿಗಳನ್ನು ಎಷ್ಟು ಮಂದಿ ನೋಡಿಕೊಂಡಿರಿ ಎಂಬುದನ್ನು ಹ್ಯಾಂಡೋವರ್ ಪುಸ್ತಕದಲ್ಲಿ ದಿನವೂ ಬರೆಯಿರಿ. ಔಷಧದಲ್ಲಿ ಹೆಚ್ಚುಕಡಿಮೆಯಾಗಿ ವಿಚಾರಣೆ ನಡೆದಾಗ ತಪ್ಪು ಯಾರದೆಂದು ಕೇಳುವವರು, ಆ ರಾತ್ರಿ ಎಷ್ಟು ಮಂದಿ ಇದ್ದರು ಎಂಬುದನ್ನೂ ನೋಡಬೇಕಾಗುತ್ತದೆ.